ಕಾಡು ಖಾಲಿ ಇದೆ ಎಂದು ಬರೆದ ಬೆಳಗ್ಗೆ

ಲಂಡನ್ನಿನ ಪಶ್ಚಿಮ ತುದಿಯ ಅಕ್ಸ್‌ಬ್ರಿಡ್ಜ್‌ನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಸಿಗುತ್ತಿದ್ದ ಆ ಕಾಡಿಗೆ ಬೇಲಿ ಇರಲಿಲ್ಲ. ಕಾರು ನಿಲ್ಲಿಸುವ ಕಡೆ ಒಂದು ಗೇಟು, ಕಾಲುವೆಯ ಬದಿಯಲ್ಲಿ ಇನ್ನೊಂದು ಗೇಟು, ಅಷ್ಟೇ. ಉಳಿದಂತೆ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಒಳಗೆ ಬರಬಹುದಿತ್ತು. ಸಾರ್ವಜನಿಕರ ಕಾಡು ಅದು. ನಾಯಿ ಅಡ್ಡಾಡಿಸುವವರು, ಕೆರೆಯಲ್ಲಿ ಗಾಳ ಹಾಕುವವರು, ಭಾನುವಾರ ವೆಂಬ್ಲಿಯಿಂದ ಊಟದ ಡಬ್ಬಿ ಕಟ್ಟಿಕೊಂಡು ಬರುವ ಕುಟುಂಬಗಳು, ಎಲ್ಲರಿಗೂ ಅದು ತಮ್ಮದೇ ಹಿತ್ತಲು. ಅಂಥ ಕಾಡಿನ ಒಂದು ಭಾಗವನ್ನು ವಾರಕ್ಕೆ ಎರಡು ಬೆಳಗ್ಗೆ, ಮಂಗಳವಾರ ಮತ್ತು ಗುರುವಾರ, ಪೂರ್ತಿ ಖಾಲಿ ಮಾಡಿಸಿ, ಒಳಗೆ ಒಬ್ಬರೂ ಇಲ್ಲ ಎಂದು ಸಹಿ ಹಾಕುವ ಕೆಲಸ ಒಂದು ಚಳಿಗಾಲ ನನ್ನ ಪಾಲಿಗೆ ಬಂತು.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ನಾನಲ್ಲಿ ಸಹಾಯಕ ರೇಂಜರ್. ಖಾಲಿ ಮಾಡಿಸಬೇಕಾದದ್ದು ಬೇಟೆಗಾಗಿ.

ಲಂಡನ್ನಿನ ಅಂಚಿನಲ್ಲಿ ಬೇಟೆಯೇ ಎಂದು ಊರಿನವರು ಈಗಲೂ ನಗುತ್ತಾರೆ. ಆ ಕಾಡಿನಲ್ಲಿ ಮಂಟ್‌ಜ್ಯಾಕ್ ಎಂಬ ಸಣ್ಣ ಜಿಂಕೆಗಳಿದ್ದವು. ನಮ್ಮ ಕಾಡುಕುರಿಯ ದಾಯಾದಿ; ನಾಯಿಯಷ್ಟೇ ಎತ್ತರ, ಬೊಗಳುವುದೂ ನಾಯಿಯ ಹಾಗೆಯೇ. ಯಾವ ಕಾಲದಲ್ಲೋ ಚೀನಾದಿಂದ ತಂದು ಯಾರದೋ ತೋಟದಲ್ಲಿ ಸಾಕಿದ್ದವು ತಪ್ಪಿಸಿಕೊಂಡು ದಕ್ಷಿಣ ಇಂಗ್ಲೆಂಡಿನ ತುಂಬಾ ಹರಡಿದ್ದವು. ಅವನ್ನು ಹಿಡಿದು ತಿನ್ನುವ ಪ್ರಾಣಿ ಅಲ್ಲಿ ಯಾವುದೂ ಇಲ್ಲ. ಹೇಜಲ್ ಗಿಡಗಳನ್ನು ಬುಡಕ್ಕೆ ಕಡಿದು ಮತ್ತೆ ಚಿಗುರಲು ಬಿಡುವುದು ಅಲ್ಲಿಯ ಹಳೆಯ ಪದ್ಧತಿ; ಬೆಳಕು ನೆಲಕ್ಕೆ ಬಿದ್ದಾಗ ವಸಂತದಲ್ಲಿ ನೀಲಿ ಹೂವು ಏಳುತ್ತದೆ, ಹಕ್ಕಿ ಗೂಡು ಕಟ್ಟುತ್ತದೆ. ನಾವು ಕಡಿದ ಬುಡಗಳ ಚಿಗುರನ್ನೆಲ್ಲ ಈ ಜಿಂಕೆಗಳು ಎರಡು ವರ್ಷದಿಂದ ನೆಲಮಟ್ಟಕ್ಕೆ ತಿಂದಿದ್ದವು. ಬುಡಗಳು ಸಾಯತೊಡಗಿದ್ದವು. ಬುಡಗಳ ಸುತ್ತ ಬಲೆ ಕಟ್ಟಿ ನೋಡಿದೆವು, ಕಡಿದ ಕೊಂಬೆ ಒಟ್ಟಿ ಅಡ್ಡಗಟ್ಟಿ ನೋಡಿದೆವು. ಕೊನೆಗೆ ಕೆಲವನ್ನು ಗುಂಡಿಕ್ಕಿ ಕಡಿಮೆ ಮಾಡುವುದೆಂದು ತೀರ್ಮಾನವಾಯಿತು.

ಬೇಟೆ ನನಗೆ ಹೊಸದಲ್ಲ. ಕಾರ್ಕಳದ ಕಡೆ ನಮ್ಮ ಚಿಕ್ಕಪ್ಪನ ಹತ್ತಿರ ಲೈಸೆನ್ಸಿನ ಕೋವಿ ಇತ್ತು. ಭಾನುವಾರ ಇಗರ್ಜಿ ಬಿಟ್ಟ ಮೇಲೆ ಇಪ್ಪತ್ತು ಜನ, ಹತ್ತು ನಾಯಿ, ಬೊಬ್ಬೆಯೋ ಬೊಬ್ಬೆ. ಹಂದಿ ಬಿದ್ದರೆ ಪಾಲು ಹಾಕುವಾಗ ಇನ್ನೂ ಹೆಚ್ಚು ಬೊಬ್ಬೆ. ಇಲ್ಲಿಯದು ಮೌನದ ಬೇಟೆ. ಒಬ್ಬನೇ ಬೇಟೆಗಾರ, ಮರಕ್ಕೆ ಒರಗಿಸಿದ ಇಬ್ಬರು ಕೂರುವ ಅಟ್ಟಣೆ, ಮತ್ತು ಬಹಳ ಕಾಗದ. ಗುಂಡು ಮೈಲುಗಟ್ಟಲೆ ಹೋಗಬಲ್ಲದು, ಆದ್ದರಿಂದ ಜಿಂಕೆಯ ಹಿಂದೆ ಮಣ್ಣು ಕಾಣದೆ ಗುಂಡು ಹೊಡೆಯುವಂತಿಲ್ಲ. ಎಳೆ ಮರಿಯಿರುವ ತಾಯಿಯನ್ನು ಹೊಡೆಯುವಂತಿಲ್ಲ. ಇನ್ನೂ ಬೆದೆಗೆ ಬಾರದ್ದನ್ನು ಅಥವಾ ಹೊಟ್ಟೆ ತುಂಬ ಗಬ್ಬವಾದದ್ದನ್ನೇ ಹುಡುಕಬೇಕು, ಇಲ್ಲದಿದ್ದರೆ ಎಲ್ಲೋ ಅಡಗಿಸಿಟ್ಟ ಮರಿ ಹಸಿದು ಸಾಯುತ್ತದೆ. ಅಟ್ಟಣೆಯಲ್ಲಿ ಬೇಟೆಗಾರನ ಪಕ್ಕ ಕೂತವನು ದುರ್ಬೀನಿನಲ್ಲಿ ಸುತ್ತ ನೋಡುತ್ತಿರಬೇಕು, ಸಂಶಯ ಬಂದರೆ ‘ಬೇಡ’ ಅನ್ನಬೇಕು. ಅಂದರೆ ಮುಗಿಯಿತು, ಕಾರಣ ಕೇಳುವುದು ಆಮೇಲೆ.

ಆ ಪಕ್ಕದವನು ನಾನೇ. ಅದಕ್ಕೂ ಮೊದಲು, ಬೆಳಕು ಹರಿಯುವ ಹೊತ್ತಿಗೆ ಹಾದಿಗಳಿಗೆ ಕೆಂಪು–ಬಿಳಿ ಟೇಪು ಕಟ್ಟಿ, ಮುಚ್ಚಿದ ಭಾಗವನ್ನೆಲ್ಲ ನಡೆದು ನೋಡಿ, ಫಾರಂ ತುಂಬಬೇಕಾದವನೂ ನಾನೇ. ಫಾರಂನಲ್ಲಿ ಒಂದೊಂದು ಜಾಗಕ್ಕೂ ಒಂದೊಂದು ಚೌಕ. ಕಾಲುವೆ ದಾರಿ, ಓಕ್ ಸಾಲು, ಕಡಿದ ಬಯಲು, ಕೊನೆಯದು ಹಳೆಯ ದಿಣ್ಣೆ. ಆ ದಿಣ್ಣೆ ನೂರಾರು ವರ್ಷದ ಹಿಂದೆ ಕಾಡಿನ ಗಡಿಗೆಂದು ಯಾರೋ ಒಟ್ಟಿದ ಮಣ್ಣು. ಬಯಲಿನ ಆಚೆ ತುದಿಗೆ ಅಡ್ಡಲಾಗಿ ಮಲಗಿತ್ತು. ಅಟ್ಟಣೆಯನ್ನು ಅದಕ್ಕೆ ಎದುರಾಗಿ ಇಟ್ಟದ್ದು ಬೇಕೆಂದೇ. ಗುಂಡು ತಪ್ಪಿದರೂ ಮಣ್ಣಿಗೇ ಹೋಗಲಿ ಎಂದು.

ಮೊದಲ ಎರಡು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಮೂರನೆಯ ವಾರದ ಮಂಗಳವಾರ, ಜನವರಿಯ ಕೊನೆ. ಹಿಂದಿನ ದಿನವಿಡೀ ಮಳೆ ಬಂದು ನಿಂತಿತ್ತು. ಏಳು ಗಂಟೆಗೆ ಗೇಟಿನ ಹತ್ತಿರ ಟೇಪು ಕಟ್ಟುತ್ತಿದ್ದಾಗ ಎರಡು ನಾಯಿಗಳನ್ನು ಹಿಡಿದ ಒಬ್ಬ ಗಂಡಸು ಬಂದು ಎದುರಿಗೆ ನಿಂತ.

“ಮೂವತ್ತು ವರ್ಷದಿಂದ ನಾನಿಲ್ಲಿ ನಡೀತಿದ್ದೇನೆ. ನನ್ನನ್ನು ತಡೆಯೋಕೆ ನೀನು ಯಾರು?”

“ಹತ್ತು ಗಂಟೆಗೆ ತೆರೆಯುತ್ತೇವೆ ಸರ್. ನೋಟೀಸು ಹಾಕಿ ತಿಂಗಳಾಯಿತು.”

“ಜಿಂಕೆ ಕೊಲ್ಲೋಕೆ ಕಾಡು ಮುಚ್ಚೋದಾ? ಕಾಡು ಇರೋದು ಜನಕ್ಕೆ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನದರಲ್ಲೂ ಇರಲಿಲ್ಲ. ಹಾಗಾಗಿಯೇ ವಾದ ಮುಗಿಯಲಿಲ್ಲ. ಗೇಟು ಕಾಯುವ ಸ್ವಯಂಸೇವಕ ಬಂದು ಅವನನ್ನು ಮಾತಾಡಿಸುತ್ತ ಆ ಕಡೆ ಕರೆದೊಯ್ಯುವ ಹೊತ್ತಿಗೆ ಕಾಲು ಗಂಟೆ ಹೋಗಿತ್ತು. ನಾನು ಓಡುವ ಹಾಗೆ ನಡೆದೆ. ಕಾಲುವೆ ದಾರಿ ನೋಡಿದೆ, ಓಕ್ ಸಾಲು ನೋಡಿದೆ, ಬಯಲು ದಾಟಿದೆ. ದಿಣ್ಣೆಯ ಹತ್ತಿರ ಹೋಗಬೇಕಾದರೆ ಸೊಂಟದೆತ್ತರದ ಒದ್ದೆ ಮುಳ್ಳುಪೊದೆ ದಾಟಬೇಕು. ಮೂಡಣ ಆಗಲೇ ಬೆಳ್ಳಗಾಗಿತ್ತು. ರೇಡಿಯೊದಲ್ಲಿ ಬೇಟೆಗಾರನ ದನಿ ಬಂತು: “ನಾನು ಮೇಲಿದ್ದೇನೆ. ನೀನು ಬರೋದು ಎಷ್ಟು ಹೊತ್ತು?”

ಅಲ್ಲಿಂದಲೇ ದಿಣ್ಣೆಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದೆ. ಏನೂ ಕಾಣಲಿಲ್ಲ. ಆ ಮುಳ್ಳಿನಲ್ಲಿ ಈ ಚಳಿಗೆ ಯಾರಿರುತ್ತಾರೆ? ಫಾರಂ ತೆಗೆದು ಕೊನೆಯ ಚೌಕದಲ್ಲೂ ಗೀಟು ಹಾಕಿದೆ. ಕೆಳಗೆ ‘ನಡೆದು ನೋಡಿದ್ದೇನೆ, ಯಾರೂ ಇಲ್ಲ’ ಎಂದು ಮೊದಲೇ ಅಚ್ಚಾಗಿದ್ದ ಸಾಲಿನ ಮುಂದೆ ಸಹಿ ಮಾಡಿ, ಅಟ್ಟಣೆ ಹತ್ತಿ ಬೇಟೆಗಾರನಿಗೆ ‘ಖಾಲಿ’ ಎಂದೆ.

ಬೇಟೆಗಾರನ ಬಗ್ಗೆ ಎರಡು ಮಾತು ಹೇಳಬೇಕು. ಅರವತ್ತು ದಾಟಿದ ಮನುಷ್ಯ, ಹಿಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಜಿಂಕೆಯನ್ನು ನೋಡಿದಾಗ ಅವನ ಮುಖದಲ್ಲಿ ಉತ್ಸಾಹವನ್ನು ನಾನು ಕಾಣೆ. ಎಂಜಿನ್ನಿನ ಸದ್ದು ಕೇಳುವವನ ಹಾಗೆ ತಲೆ ಓರೆ ಮಾಡಿ ಕಾಯುತ್ತಿದ್ದ. ಬಂದ ಅವಕಾಶಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಬಿಟ್ಟುಬಿಡುತ್ತಿದ್ದ.

ಎಂಟು ಗಂಟೆ ದಾಟಿದ ಮೇಲೆ ಒಂದು ಹೆಣ್ಣು ಹೊರಗೆ ಬಂತು. ಒಂಟಿ. ಬಯಲಿನ ಅಂಚಿನಲ್ಲಿ ಬುಡದಿಂದ ಬುಡಕ್ಕೆ ಮೂಸುತ್ತ ದಿಣ್ಣೆಯ ಕೆಳಗೆ ಹೋಗಿ ನಿಂತಿತು. ಎಳೆಯದು, ಇನ್ನೂ ಮರಿ ಹಾಕದ್ದು. ಹಿಂದೆ ಮಣ್ಣು. ಎಲ್ಲ ನಿಯಮದ ಪ್ರಕಾರವೇ ಇತ್ತು. ಪಕ್ಕದಲ್ಲಿ ಅವನು ರೈಫಲ್ಲಿನ ಸೇಫ್ಟಿ ಸರಿಸಿದ ಸಣ್ಣ ಸದ್ದು ಕೇಳಿಸಿತು.

ನಾನು ದುರ್ಬೀನಿನಲ್ಲಿ ಜಿಂಕೆಯ ಹಿಂದೆ ನೋಡುತ್ತಿದ್ದೆ. ದಿಣ್ಣೆಯ ಮೇಲೆ ಒಂದು ಹಾಲಿ ಮರ, ವರ್ಷವಿಡೀ ಹಸಿರಾಗಿರುವ ಮುಳ್ಳೆಲೆಯ ಮರ. ಅದರ ಕೊಂಬೆಗಳು ನೆಲ ಮುಟ್ಟುವಷ್ಟು ಜೋತಿದ್ದವು. ಆಗಷ್ಟೇ ಮೋಡದ ಸಂದಿಯಿಂದ ಬಂದ ಎಳೆ ಬಿಸಿಲು ಓರೆಯಾಗಿ ಆ ಕೊಂಬೆಗಳ ಅಡಿಗೆ ನುಗ್ಗಿತು. ಕತ್ತಲೆಯೊಳಗೆ ಒಂದು ಬೆಳ್ಳಿ ಗೆರೆ ಹೊಳೆಯಿತು. ಅಂಗೈ ಅಗಲ, ನೇರ. ಕಾಡಿನಲ್ಲಿ ಯಾವುದೂ ಅಷ್ಟು ನೇರ ಇರುವುದಿಲ್ಲ.

“ಬೇಡ,” ಅಂದೆ.

ಅವನು ಬೆರಳು ತೆಗೆದ. ಸೇಫ್ಟಿ ಹಾಕಿದ. ಬೋಲ್ಟ್ ಎಳೆದು ಗುಂಡನ್ನು ಕೈಗೆ ತೆಗೆದುಕೊಂಡು ಜೇಬಿಗೆ ಹಾಕಿದ. ಆಮೇಲೆ ಕೇಳಿದ: “ಏನು?”

“ಹಾಲಿ ಮರದ ಕೆಳಗೆ. ಏನೋ ಇದೆ.”

ದುರ್ಬೀನು ತೆಗೆದುಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಜಿಂಕೆ ನಮ್ಮ ಮಾತು ಕೇಳಿಸಿಕೊಂಡು ಒಮ್ಮೆ ಬೊಗಳಿ ಪೊದೆಗೆ ಹಾರಿತು. ಅದರ ಸದ್ದಿಗೆ ಹಾಲಿ ಮರದ ಕೆಳಗಿನ ಬೆಳ್ಳಿ ಗೆರೆ ಮಗ್ಗುಲು ಬದಲಿಸಿತು.

ನಾವು ಇಳಿದು ಹೋದೆವು. ಮುಳ್ಳುಪೊದೆ ದಾಟುವಾಗ ನನ್ನ ಪ್ಯಾಂಟು ಹರಿಯಿತು. ಮೊದಲ ಸುತ್ತಿನಲ್ಲೇ ಹರಿಯಬೇಕಾಗಿದ್ದ ಪ್ಯಾಂಟು. ಮರದಡಿಯಲ್ಲಿ ಸರಕು ಸುತ್ತುವ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಕಂದು ಜಾಕೆಟ್ಟಿನಲ್ಲಿ ಒಬ್ಬ ಮನುಷ್ಯ ಮಲಗಿದ್ದ. ವಿಮಾನ ನಿಲ್ದಾಣದ ಕೆಲಸಗಾರರು ತೊಡುವ ಹಳದಿ ಕೋಟನ್ನು ಮಡಚಿ ತಲೆಗಿಟ್ಟುಕೊಂಡಿದ್ದ. ಅದರ ಪಟ್ಟಿಯೇ ಹೊಳೆದದ್ದು. ಜಿಂಕೆ ನಿಂತ ಜಾಗದಿಂದ ಅವನ ತಲೆಗೆ ನಾನು ಹೆಜ್ಜೆ ಹಾಕಿ ಅಳೆದೆ. ಎಂಟು ಹೆಜ್ಜೆ.

ಬೇಟೆಗಾರ ಅವನ ಹೆಗಲು ಮುಟ್ಟಿದ. ಮನುಷ್ಯ ಗಾಬರಿಯಾಗಿ ಎದ್ದು ಕೂತ. ರೈಫಲ್ ನೋಡಿದ.

“ಯಪ್ಪಾ ಶಿವನಽ!”

ಇಂಗ್ಲೆಂಡಿನ ಆ ಪೊದೆಯೊಳಗೆ ಕೇಳಿದ್ದು ಕನ್ನಡ. ನಾನು ಬಗ್ಗಿ ಎದುರಿಗೆ ಕೂತೆ. ಆಮೇಲೆ, “ಹೆದರಬೇಡಿ ಮಾರಾಯ್ರೆ. ನಾವು ಇಲ್ಲಿಯ ರೇಂಜರ್‌ನವರು. ನೀವು ಎಲ್ಲಿಯವರು?” ಅಂದೆ.

ಅವರು ನನ್ನನ್ನೇ ದಿಟ್ಟಿಸಿದರು. “ಬಿಜಾಪುರ ಕಡಿಯವ್ರಿ. ನೀವು ಕನ್ನಡ ಮಾತಾಡ್ತೀರಿ?”

ನಲವತ್ತರ ಆಸುಪಾಸಿನವರು. ವಿಮಾನ ನಿಲ್ದಾಣದಲ್ಲಿ ಸರಕು ಏರಿಸುವ ರಾತ್ರಿ ಪಾಳಿ. ಐದಕ್ಕೆ ಪಾಳಿ ಮುಗಿದರೆ ಆರಕ್ಕೆ ಇಲ್ಲಿ. ಮನೆ ಒಂದೇ ಕೋಣೆಯ ಫ್ಲಾಟ್.

“ಮನ್ಯಾಗ ಹೆಂಡತಿ ನಾಕು ಕೂಸು ನೋಡಿಕೋತಾಳ್ರಿ, ಮಂದಿ ಮಕ್ಕಳು. ಏಳಕ್ಕ ಬಂದು ಬಿಟ್ಟು ಹೋಗ್ತಾರ. ಅಳೂದು, ಆಡೂದು. ನನಗ ನಿದ್ದಿ ಎಲ್ಲಿ ಬರಬೇಕ್ರಿ? ಅದಕ್ಕ ಇಲ್ಲಿ ಬಂದು ಒಂದ್ ನಾಕ್ ತಾಸು ಮಕ್ಕೋತೀನಿ. ಈ ಗಿಡದ ಕೆಳಗ ಮಳಿ ಹನಿ ಬೀಳಂಗಿಲ್ಲ.”

“ನೋಟೀಸು ನೋಡಲಿಲ್ಲವಾ?”

“ನಾ ಬರೂದು ಬಸ್ ಸ್ಟಾಪಿನ ಕಡಿಯಿಂದ, ಹೊಲ ದಾಟಿ. ಅಲ್ಲಿ ಗೇಟೂ ಇಲ್ಲ, ನೋಟೀಸೂ ಇಲ್ಲ.” ಮತ್ತೆ ರೈಫಲ್ ಕಡೆ ನೋಡಿದರು. “ಹೊಡೀತಿದ್ರೇನ್ರಿ?”

“ಹೌದು,” ಅಂದೆ.

ಅವರು ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಆ ಮನುಷ್ಯನಿಗೆ ಪ್ರಾಣದ ಭಯಕ್ಕಿಂತ ದೊಡ್ಡದೊಂದು ಭಯ ಹತ್ತಿದ್ದು ನನಗೆ ಕಾಣಿಸಿತು. ವಿಮಾನ ನಿಲ್ದಾಣದ ಒಳಗೆ ಹೋಗುವ ಪಾಸು. ಆ ದಿನಗಳಲ್ಲಿ ಅದಕ್ಕೆ ಹಿನ್ನೆಲೆಯ ತಪಾಸಣೆ ಬಹಳ ಬಿಗಿಯಾಗಿತ್ತು. ಮುಚ್ಚಿದ ಕಾಡು, ಬಂದೂಕು, ವರದಿ, ಅದರಲ್ಲಿ ತನ್ನ ಹೆಸರು. ಮೇಲಧಿಕಾರಿಗೆ ಹೇಗೆ ವಿವರಿಸುವುದು?

“ಅಣ್ಣಾರ, ಒಂದ್ ಮಾತು,” ಅಂದರು, ದನಿ ತಗ್ಗಿಸಿ. “ನಿಮ್ಮ ಕೆಲಸಕ್ಕೂ ಇದರಿಂದ ತ್ರಾಸ ಆಗತೈತಿ, ಹೌದಲ್ರಿ? ನೀವು ನೋಡಿ ಹೋದ ಮ್ಯಾಲೆ ನಾನಽ ಟೇಪ್ ದಾಟಿ ಒಳಗ ಬಂದೆ ಅಂತ ಹೇಳ್ರಿ. ನಾ ಹೂಂ ಅಂತೀನಿ. ಹೆಸರೊಂದು ಬರಿಬ್ಯಾಡ್ರಿ. ನಿಮಗೂ ಛಲೋ, ನನಗೂ ಛಲೋ.”

ಬೇಟೆಗಾರ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ. ರೈಫಲ್ಲಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. “ಏನು ಹೇಳ್ತಿದ್ದಾನೆ?” ಎಂದು ಕೇಳಿದ.

ಆ ಕಾಡಿನಲ್ಲಿ ಆ ಹೊತ್ತು ಎರಡೂ ಭಾಷೆ ಬಲ್ಲವನು ನಾನೊಬ್ಬನೇ ಎನ್ನಬಹುದು. ಆ ಮನುಷ್ಯನ ಇಂಗ್ಲಿಷು ಸರಕಿನ ಚೀಟಿ ಓದುವಷ್ಟೇ ಇತ್ತು. ನಾನು ಏನು ಹೇಳುತ್ತೇನೋ ಅದೇ ನಡೆದದ್ದಾಗುತ್ತಿತ್ತು. ಫಾರಂ ನನ್ನ ಜೇಬಿನಲ್ಲಿತ್ತು. ಅದರಲ್ಲಿ ಗೀಟು ಸರಿಯಾಗಿತ್ತು, ಸಹಿ ಸರಿಯಾಗಿತ್ತು, ಹೊತ್ತು ಸರಿಯಾಗಿತ್ತು. ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಆದರೆ ಆ ಎಂಟು ಹೆಜ್ಜೆಯನ್ನು ಈಗಷ್ಟೇ ಕಾಲಿನಿಂದ ಅಳೆದಿದ್ದೆ. ಮುಂದಿನ ಗುರುವಾರ ಮತ್ತೆ ಇದೇ ಫಾರಂ ಹಿಡಿದು ಬರಬೇಕಾದವನು ನಾನು. ಈಗ ಸುಳ್ಳು ಹೇಳಿದರೆ ನಾನು ನಡೆಯದ ಜಾಗ ಆಗಲೂ ನಡೆಯದೆಯೇ ಉಳಿಯುತ್ತಿತ್ತು.

“ಆರು ಗಂಟೆಗೆ ಬಂದರಂತೆ,” ಅಂದೆ ಇಂಗ್ಲಿಷಿನಲ್ಲಿ. “ನಾವು ಬರುವ ಮೊದಲೇ ಇಲ್ಲಿದ್ದರು. ನಾನು ದಿಣ್ಣೆಯವರೆಗೆ ನಡೆಯಲಿಲ್ಲ.”

ಬೇಟೆಗಾರ ನನ್ನ ಮುಖ ನೋಡಿದ. “ಆದರೆ ನನಗೆ ಖಾಲಿ ಅಂದೆ.”

“ಅಂದೆ.”

ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ನೀನು ಹೋಗಿ ಅವಳಿಗೆ ಹೇಳು. ನಾನು ಹೇಳುವ ಮೊದಲು,” ಅಂದ. ಅವಳು ಎಂದರೆ ನಮ್ಮ ಮುಖ್ಯ ರೇಂಜರ್.

ನಾನು ಬಿಜಾಪುರದವರ ಕಡೆ ತಿರುಗಿದೆ. “ನೀವು ಹೇಳಿದ ಹಾಗೆ ನಾನು ಹೇಳಲಿಲ್ಲ. ತಪ್ಪು ನನ್ನದು ಉಂಟು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಾನು ಕೇಳುವುದೂ ಇಲ್ಲ. ನೀವೂ ಹೇಳಬೇಡಿ. ಎದ್ದು ಕಾಲುವೆ ದಾರಿಯಿಂದ ಮನೆಗೆ ಹೋಗಿ.”

ಅವರು ಪ್ಲಾಸ್ಟಿಕ್ ಹಾಳೆಯನ್ನು ಬಹಳ ಅಚ್ಚುಕಟ್ಟಾಗಿ ಮಡಚಿದರು. ಹಳದಿ ಕೋಟನ್ನು ತೊಡಲು ಹೇಳಿದೆ. ತೊಟ್ಟುಕೊಂಡು, ಮರಗಳ ನಡುವೆ ಬಹಳ ದೂರದವರೆಗೆ ಕಾಣುತ್ತ ಹೋದರು.

ಮುಖ್ಯ ರೇಂಜರ್ ತನ್ನ ಕಚೇರಿಯಲ್ಲಿ, ಹೀಟರಿನ ಮೇಲೆ ಕೈಗವಸು ಒಣಗಿಸುತ್ತಿದ್ದಳು. ಐವತ್ತರ ಹೆಂಗಸು, ಕಡಿಮೆ ಮಾತಿನವಳು. ನಾನು ನಿಂತೇ ಎಲ್ಲ ಹೇಳಿದೆ. ಫಾರಂ ಮೇಜಿನ ಮೇಲಿಟ್ಟೆ. ಅವಳು ಕೊನೆಯ ಚೌಕದ ಮೇಲೆ ಬೆರಳಿಟ್ಟು, “ಇದು?” ಅಂದಳು.

“ಸುಳ್ಳು.”

“ಉಳಿದವು?”

“ಉಳಿದವು ನಿಜ.”

“ಇನ್ನು ಮೇಲೆ ಅವನ್ನೂ ನಾನು ಹೇಗೆ ನಂಬಲಿ?”

ಆಮೇಲೆ ಮಲಗಿದ್ದವನ ಹೆಸರು ಕೇಳಿದಳು. ಕೇಳಲಿಲ್ಲ ಅಂದೆ. ಯಾಕೆ ಕೇಳಲಿಲ್ಲ ಅಂದಳು. ಅವರು ಯಾವ ತಪ್ಪೂ ಮಾಡಿರಲಿಲ್ಲ, ನಡೆದದ್ದನ್ನು ಬರೆಯಲು ಹೆಸರು ಬೇಕಾಗಿಲ್ಲ ಅಂದೆ. ಅವಳಿಗೆ ಅದು ಹಿಡಿಸಲಿಲ್ಲ. ಸುರಕ್ಷತೆಯ ಅಧಿಕಾರಿ ಕೇಳಿದಾಗಲೂ ಅದನ್ನೇ ಹೇಳಿದೆ. ಅವನಿಗೂ ಹಿಡಿಸಲಿಲ್ಲ. ಈ ವಿಷಯದಲ್ಲಿ ನಾನು ಸರಿ ಮಾಡಿದೆನೋ ಇಲ್ಲವೋ ಈಗಲೂ ನಿಶ್ಚಯವಾಗಿ ಹೇಳಲಾರೆ. ಸಾಕ್ಷಿಯೊಬ್ಬರನ್ನು ನಾನೇ ಕಳಿಸಿಬಿಟ್ಟಿದ್ದೆ.

ಬೇಟೆ ನಿಂತಿತು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಅಟ್ಟಣೆ ಹತ್ತುವ ಕೆಲಸದಿಂದ ಬಿಡಿಸಿದರು. ಹೌನ್ಸ್ಲೋದ ನಮ್ಮ ಮನೆಯಲ್ಲಿ ಆ ಕಾಗದವನ್ನು ಹೆಂಡತಿಗೆ ತೋರಿಸಿದೆ. ನಮ್ಮ ಮನೆಮಾತು ಕೊಂಕಣಿ, ಅವಳು ಅಂದದ್ದರ ಅರ್ಥ ಇಷ್ಟು: “ಸುಳ್ಳು ಬರೆದದ್ದು ನೀವು, ಒಪ್ಪಿಕೊಂಡದ್ದೂ ನೀವು. ಎರಡಕ್ಕೂ ಸೇರಿ ಈ ಕಾಗದ. ಇನ್ನು ಊಟಕ್ಕೆ ಬನ್ನಿ.”

ಒಂದು ವಾರ ಬಿಟ್ಟು ಮುಖ್ಯ ರೇಂಜರ್ ನನ್ನನ್ನು ಕರೆದಳು. “ನಾವು ಗೇಟುಗಳಲ್ಲಿ ನೋಟೀಸು ಹಾಕಿದ್ದು ಗೇಟಿನಿಂದ ಬರುವವರಿಗೆ. ಗೇಟಿನಿಂದ ಬಾರದವರು ಯಾರು, ಎಲ್ಲಿ ಕೂರುತ್ತಾರೆ, ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಎರಡು ವಾರ ಬೆಳಗ್ಗೆ ಆರಕ್ಕೆ ಬಾ. ಹೆಸರು ಬೇಡ,” ಅಂದಳು, ಕೊನೆಯ ಮಾತನ್ನು ಸ್ವಲ್ಪ ಒತ್ತಿ. “ಜಾಗ ಬರಿ.”

ನಾನು ಆ ಕಾಡಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಅದನ್ನು ನೋಡಿದ್ದು ಆ ಎರಡು ವಾರದಲ್ಲಿ. ಕೆರೆಯ ಹಿಂದೆ ಬಿದ್ದ ಮರದ ಮೇಲೆ ದಿನಾ ಆರೂವರೆಗೆ ಆಸ್ಪತ್ರೆಯ ಸಮವಸ್ತ್ರದ ಒಬ್ಬ ಹೆಣ್ಣುಮಗಳು ಬಂದು, ಚಹಾ ಕುಡಿದು, ಒಂದು ಮಾತಿಲ್ಲದೆ ಇಪ್ಪತ್ತು ನಿಮಿಷ ಕೂತು ಎದ್ದು ಹೋಗುತ್ತಿದ್ದಳು. ಓಕ್ ಸಾಲಿನ ಹಿಂದೆ ಒಬ್ಬ ಮುದುಕ ಬೆನ್ನುನೋವಿಗೆಂದು ಹಿಮ್ಮುಖವಾಗಿ ನಡೆಯುತ್ತಿದ್ದ, ಜನ ನೋಡಿ ನಗುವ ಮೊದಲು ಮುಗಿಸಬೇಕೆಂದು. ಗಾಳ ಹಾಕುವವನೊಬ್ಬ ಬೆಳಕಿಗೂ ಮೊದಲೇ ಬಂದು ಜೊಂಡಿನೊಳಗೆ ಹುದುಗಿರುತ್ತಿದ್ದ. ಅವನ ಹಾದಿ ನಮ್ಮ ನಕಾಶೆಯಲ್ಲೇ ಇರಲಿಲ್ಲ. ಮಲಗುವವರು ಇನ್ನಿಬ್ಬರು ಸಿಕ್ಕರು, ಇಬ್ಬರೂ ರಾತ್ರಿ ಪಾಳಿಯವರೇ. ಯಾರಿಗೂ ಯಾರೂ ಗೊತ್ತಿರಲಿಲ್ಲ. ಖಾಲಿ ಎಂದು ನಾನು ತಿಂಗಳಿಡೀ ತಿಳಿದಿದ್ದ ಹೊತ್ತಿನಲ್ಲಿ ಕಾಡಿಗೆ ಅದರದೇ ಜನ ಇದ್ದರು.

ಬಿಜಾಪುರದವರು ಮಾತ್ರ ಮೊದಲ ವಾರ ಕಾಣಲಿಲ್ಲ. ಎರಡನೆಯ ವಾರ ಬಸ್ ಸ್ಟಾಪಿನಲ್ಲಿ ಸಿಕ್ಕರು. ಕಣ್ಣು ಕೆಂಪಾಗಿತ್ತು.

“ಎಲ್ಲಿ ಮಲಗ್ತಿದ್ದೀರಿ ಈಗ?”

“ಪಿಕಡಿಲಿ ಲೈನಿನ್ಯಾಗ್ರಿ. ಈ ತುದಿಯಿಂದ ಆ ತುದಿ, ಮತ್ತ ಹೊಳ್ಳಿ. ಆದ್ರ ಟ್ರೇನ್ ನಿಂತಾಗೊಮ್ಮೆ ಬಾಗಲಾ ತೆರೀತಾವ, ಎಚ್ಚರಾಗತೈತಿ.” ನಕ್ಕರು. ನನಗೆ ನಗು ಬರಲಿಲ್ಲ.

ವರದಿಯಲ್ಲಿ ಜಾಗಗಳ ನಕಾಶೆ ಬರೆದೆ. ಕೆಳಗೆ ಕೆಲವು ಸಲಹೆ ಕೊಟ್ಟೆ. ನೋಟೀಸನ್ನು ಗೇಟಿನಲ್ಲಿ ಮಾತ್ರವಲ್ಲ, ಬಿದ್ದ ಮರಕ್ಕೆ, ಜೊಂಡಿನ ಹಾದಿಗೆ, ಹಾಲಿ ಮರಕ್ಕೆ ಅಂಟಿಸಬೇಕು; ಅಕ್ಷರಕ್ಕಿಂತ ಬಂದೂಕಿನ ಚಿತ್ರ ದೊಡ್ಡದಿರಬೇಕು. ಒಬ್ಬನೇ ನಡೆದು ನೋಡುವ ಬದಲು ಇಬ್ಬರು, ನಾಯಿಯ ಜೊತೆ. ನಡೆದು ಮುಗಿಯದೆ ಬೇಟೆಗಾರ ಅಟ್ಟಣೆ ಹತ್ತಬಾರದು, ಬೆಳಕು ಹೋದರೆ ಹೋಗಲಿ. ಕೊನೆಯದನ್ನು ಬರೆಯಲೋ ಬೇಡವೋ ಎಂದು ಅಳುಕಿದೆ: ಕೆರೆಯ ಬದಿಯಲ್ಲಿ ಹಕ್ಕಿ ನೋಡಲು ಕಟ್ಟಿದ ಮರದ ಗುಡಿಸಲು ಒಂಬತ್ತಕ್ಕೆ ತೆರೆಯುತ್ತದೆ, ಬೇಟೆಯ ದಿನಗಳಲ್ಲಿ ಅದನ್ನು ಆರಕ್ಕೇ ತೆರೆದಿಡಬೇಕು. ಅದು ಮುಚ್ಚಿದ ಭಾಗದ ಹೊರಗಿತ್ತು.

ಮುಖ್ಯ ರೇಂಜರ್ ಓದಿ, “ಮಲಗಲಿಕ್ಕಾ?” ಅಂದಳು.

“ಕೂರಲಿಕ್ಕೆ.”

“ಬೆಂಚು ಉದ್ದ ಇದೆ,” ಅಂದಳು, ಮುಖದಲ್ಲಿ ಗೆರೆ ಅಲುಗಿಸದೆ. ಮುಂದೆ, ಬೇಟೆ ಮತ್ತೆ ಶುರುವಾಗಿ ಮೂರು ವಾರವಾದ ಮೇಲೆ, ಹಕ್ಕಿ ನೋಡುವ ಸಂಘದವರಿಂದ ದೂರು ಬಂತು: ಗುಡಿಸಲಿನಲ್ಲಿ ಯಾರೋ ಗೊರಕೆ ಹೊಡೆಯುತ್ತಾರೆ, ಬಾತುಗಳು ಹೆದರುತ್ತವೆ. ಅವಳು ಅದನ್ನು ಓದಿ ಫೈಲಿಗೆ ಹಾಕಿದಳು.

ಫೆಬ್ರವರಿಯ ಕೊನೆಗೆ ಬೇಟೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಬುಡಗಳು ಇನ್ನಷ್ಟು ಹಾಳಾಗಿದ್ದವು, ಒಂದಿಡೀ ಸಾಲು ಸತ್ತಿತ್ತು. ಅದಕ್ಕೂ ನಾನೇ ಕಾರಣ ಎಂಬುದು ನನಗೆ ಗೊತ್ತಿತ್ತು. ಅಟ್ಟಣೆಯಲ್ಲಿ ಪಕ್ಕಕ್ಕೆ ಯಾರು ಬೇಕೆಂದು ಬೇಟೆಗಾರನನ್ನು ಕೇಳಿದಾಗ ಅವನು ನನ್ನ ಹೆಸರು ಹೇಳಿದ. “ಬೇಡ ಅನ್ನುವುದು ಅವನಿಗೆ ಗೊತ್ತು,” ಅಂದನಂತೆ. ನನ್ನ ಎದುರಿಗೆ ಈ ಮಾತು ಆಡಲಿಲ್ಲ.

ಮೊದಲ ಬೆಳಗ್ಗೆ ಇನ್ನೊಬ್ಬ ಮಹಿಳಾ ರೇಂಜರ್, ಅವಳ ಕಪ್ಪು ಲ್ಯಾಬ್ರಡಾರ್ ನಾಯಿ ಮತ್ತು ನಾನು ನಡೆದೆವು. ಜೊಂಡು, ಓಕ್ ಸಾಲು, ಬಿದ್ದ ಮರ. ಅವಳು ಬಯಲಿನ ಆ ಕಡೆ ಹೋದಳು, ನಾನು ಮುಳ್ಳುಪೊದೆ ದಾಟಿ ದಿಣ್ಣೆ ಹತ್ತಿದೆ. ಹಾಲಿ ಮರದ ಕೊಂಬೆ ಎತ್ತಿ ನೋಡಿದೆ. ಯಾರೂ ಇರಲಿಲ್ಲ. ಎಲೆಯ ಹಾಸಿನ ಮೇಲೆ ಮನುಷ್ಯನ ಉದ್ದದ ತಗ್ಗು ಮಾತ್ರ ಇನ್ನೂ ಹಾಗೇ ಇತ್ತು.

ಯಾಕೋ ನಾನು ಬಗ್ಗಿ ಒಳಗೆ ಹೋಗಿ ಆ ತಗ್ಗಿನಲ್ಲಿ ಮಲಗಿದೆ. ನೆಲ ಒಣಗಿತ್ತು. ಮುಳ್ಳೆಲೆ ಬೆನ್ನಿಗೆ ಚುಚ್ಚಿತು. ತಲೆ ಹೊರಳಿಸಿದಾಗ ಕೊಂಬೆಗಳ ಸಂದಿಯಿಂದ ಬಯಲು ಕಂಡಿತು, ಬಯಲಿನ ಆಚೆ ಅಟ್ಟಣೆ. ಅದರ ಏಣಿ, ಅಡ್ಡಪಟ್ಟಿ, ಖಾಲಿ ಬೆಂಚು, ಒಂದೂ ಮರೆಯಾಗಿರಲಿಲ್ಲ. ಅಲ್ಲಿಂದ ನಮಗೆ ಇದು ಬರೀ ಹಸಿರಾಗಿ ಕಂಡಿತ್ತು. ಇಲ್ಲಿಂದ ನಾವು ಇಷ್ಟು ಚೆನ್ನಾಗಿ ಕಾಣುತ್ತಿದ್ದೆವು. ಆ ಮನುಷ್ಯ ಆ ದಿನ ಒಮ್ಮೆ ಕಣ್ಣು ತೆರೆದಿದ್ದರೆ ಸಾಕಿತ್ತು. ದಣಿದಿದ್ದರು, ತೆರೆಯಲಿಲ್ಲ.

ಎದ್ದು ಹೊರಗೆ ಬಂದು ರೇಡಿಯೊ ಒತ್ತಿ, ದಿಣ್ಣೆ ಖಾಲಿ ಎಂದೆ. ಹೊತ್ತು ಎಂಟಾಗಿತ್ತು. ಬೆಳಕು ಸಾಕಷ್ಟು ಏರಿತ್ತು, ಜಿಂಕೆಗಳು ಒಳಸೇರುವ ಸಮಯ. ಆಮೇಲಷ್ಟೇ ಬೇಟೆಗಾರ ಏಣಿ ಹತ್ತಿದ. ನಾನು ಹತ್ತಿ ಪಕ್ಕದಲ್ಲಿ ಕೂತೆ.

“ಕೆಳಗೆ ನಿಂತಿದ್ದಾಗ ದುರ್ಬೀನಿನಲ್ಲಿ ನೋಡಿದೆ. ಆ ಮರದೊಳಗೆ ಹೋದವನು ಬಹಳ ಹೊತ್ತು ಬರಲಿಲ್ಲ,” ಅಂದ.

“ಮಲಗಿ ನೋಡುತ್ತಿದ್ದೆ.”

“ಏನು?”

“ಅಲ್ಲಿಂದ ನಾವು ಕಾಣುತ್ತೇವೋ ಎಂದು.”

ಅವನು ದಿಣ್ಣೆಯ ಕಡೆ ನೋಡಿದ. “ಕಾಣ್ತೇವಾ?”

“ಪೂರ್ತಿಯಾಗಿ.”

“ಹಾಗಾದರೆ ಇವತ್ತು ಬರೀ ನೋಡೋಣ,” ಅಂದ. ರೈಫಲ್ ತುಂಬಿಸಲಿಲ್ಲ. ಗುಂಡುಗಳನ್ನು ಅಂಗೈಯಲ್ಲೇ ಇಟ್ಟುಕೊಂಡು, ಇಬ್ಬರೂ ಹತ್ತು ಗಂಟೆಯವರೆಗೆ ಆ ಬಯಲನ್ನು ನೋಡುತ್ತ ಕೂತೆವು. ಎರಡು ಜಿಂಕೆ ಬಂದವು. ಚಿಗುರು ತಿಂದವು, ಹೋದವು. ಆಮೇಲೆ ಅವನು ಗುಂಡು ಜೇಬಿಗೆ ಹಾಕಿ, “ಗುರುವಾರ ಶುರು ಮಾಡೋಣ,” ಎಂದು ಏಣಿ ಇಳಿದ. ನಾನು ಹೋಗಿ ಟೇಪು ಬಿಚ್ಚಿದೆ.